ಅಗಲ ಹಲ್ಲಿನ ಬಾಚಣಿಗೆ

ಬಿ.ಜಿ. ಕೆರೆ
ಆಗಸ್ಟ್ ೧೯೯೮

ಚಳ್ಳಕೆರೆಯ ಅವ್ವನಿಗೆ ಓಬಮ್ಮನ ನಮಸ್ಕಾರ.

ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಎಲ್ಲರೆದುರು ನಿನಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಮಲಗಿದ್ದಾಗ ನನ್ನ ಗುಂಗುರು ಕೂದಲನ್ನು ಯಾರೂ ಬಿಡಿಸಲಿಲ್ಲ, ಕತ್ತಿನ ಹಿಂದೆ ಗಂಟುಗಟ್ಟಿತು. ಅತ್ತೆ ಅದನ್ನು ಮುಟ್ಟಿ ನೋಡಿ, "ಇದು ದೇವರ ಜಡೆ, ಅಮ್ಮ ಒಲಿದೌಳೆ. ಇನ್ಮೇಲೆ ಬಾಚಣಿಗೆ ಮುಟ್ಟಿಸಂಗಿಲ್ಲ" ಅಂದರು. ಅಂದಿನಿಂದ ಗಂಟಿಗೆ ಅರಿಶಿನ ಹಚ್ಚಿ ನನ್ನನ್ನು ಪಡಸಾಲೆಯಲ್ಲಿ ಕೂರಿಸುತ್ತಾರೆ. ಊರವರು ತೆಂಗಿನಕಾಯಿ ತರುತ್ತಾರೆ. ನಿನ್ನ ಅಳಿಯ ಹೊರಗೆ ಜಗಲಿಯ ಮೇಲೆ ಮಲಗುತ್ತಾರೆ, ನನ್ನನ್ನು ‘ತಾಯಿ’ ಅನ್ನುತ್ತಾರೆ.

ಬರುವಾಗ ನಮ್ಮ ಅಗಲ ಹಲ್ಲಿನ ಮರದ ಬಾಚಣಿಗೆ ತಾ. ರೊಟ್ಟಿಯ ಬುತ್ತಿಯೊಳಗೆ ಇಟ್ಟುಕೋ, ಯಾರಿಗೂ ಕಾಣದಿರಲಿ. ದಾಸವಾಳದ ಸೊಪ್ಪೂ ಬೇಕು, ಇಲ್ಲಿ ಗಿಡವಿಲ್ಲ. ಅದರ ಲೋಳೆ ಹಚ್ಚಿ, ಒದ್ದೆಯಿರುವಾಗಲೇ ತುದಿಯಿಂದ ಬಿಡಿಸುತ್ತ ಬಂದರೆ ಗಂಟು ಈಗಲೂ ಬಿಡುತ್ತದೆ. ಬೆರಳು ಹಾಕಿ ನೋಡಿದ್ದೇನೆ.

ಹೋದ ಸಲ ಬಂದಾಗ ನೀನೂ ಎಲ್ಲರ ಜೊತೆ ನನ್ನ ಕಾಲಿಗೆ ಬಿದ್ದೆ. ಈ ಸಲ ಬೀಳಬೇಡ ಅವ್ವ. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, "ಅಲ್ಲಾಡಬ್ಯಾಡ ಕಣೇ ಓಬಿ" ಅಂತ ತಲೆಗೊಂದು ಮೊಟಕಿ, ಬಾಚು.

ನಿನ್ನ ಮಗಳು
ಓಬಿ