ಐವತ್ತೆಂಟನೇ ಸೆಕೆಂಡು

ಸೊಗಮೊಸೊ, ಪೇಟೆ ಚೌಕ
೧೩ ಜೂನ್ ೨೦೧೭, ಮಂಗಳವಾರ

ಪ್ರೀತಿಯ ಅಲ್ಸೀರಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ದಿನಕ್ಕೆ ಏಳು ಸಲ ಕಲ್ಲಿನ ನೆಲದ ಮೇಲೆ ಮಂಡಿಯೂರಿದರೆ ನೋಯದೆ ಇನ್ನೇನಾಗುತ್ತದೆ ಎಂದು ಕೇಳಿದರೆ ನಿನಗೆ ಸಿಟ್ಟು ಬರುತ್ತದೆ, ಅದಕ್ಕೇ ಕೇಳುವುದಿಲ್ಲ. ನಾನು ಕಳಿಸಿದ ಮುಲಾಮು ನೀನು ಹಚ್ಚಿಕೊಳ್ಳುತ್ತಿದ್ದೀಯೋ, ಎಂದಿನ ಹಾಗೆ ಬೇರೆ ಯಾವುದೋ ಸಿಸ್ಟರಿಗೆ ಕೊಟ್ಟುಬಿಟ್ಟೆಯೋ? ಮಠದವರು ನಿನಗೆ ಇಟ್ಟಿರುವ ಉದ್ದನೆಯ ಹೆಸರನ್ನು ಲಕೋಟೆಯ ಮೇಲೆ ತಪ್ಪಿಲ್ಲದೆ ಬರೆದಿದ್ದೇನೆ. ಒಳಗೆ ಮಾತ್ರ ನೀನು ಅಲ್ಸೀರಕ್ಕನೇ, ಜಡೆ ಬಿಗಿಯಾಗಿ ಹೆಣೆದು ನನ್ನನ್ನು ದಿನಾ ಅಳಿಸುತ್ತಿದ್ದವಳು. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ. ಈ ಕಾಗದ ಬರೆಯುತ್ತಿರುವುದೇ ಅವಳ ವಿಷಯಕ್ಕೆ, ಆದರೆ ಅಲ್ಲಿಗೆ ಬರಬೇಕಾದರೆ ಸ್ವಲ್ಪ ಸುತ್ತಿಕೊಂಡು ಬರಬೇಕು, ತಾಳ್ಮೆಯಿಂದ ಓದು.

ಚೌಕದಲ್ಲಿ ನನ್ನ ಸ್ಟೂಲಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಸಂತೆ ದಿನವೂ ಕಾಗದ ಬರೆಯುವಷ್ಟು ಬಿಡುವು ಸಿಗುತ್ತಿದೆ ಎಂದರೆ ವ್ಯಾಪಾರ ಹೇಗಿದೆ ಎಂದು ನೀನೇ ತಿಳಿದುಕೋ. ನೀನು ಮಠ ಸೇರಿದ ವರ್ಷವೇ ನಾನು ನಿಮಿಷ ಮಾರಲು ಶುರು ಮಾಡಿದ್ದು. ಹಳದಿ ಅಂಗಿ, ಎದೆಯ ಮೇಲೆ ‘ನಿಮಿಷಕ್ಕೆ ಇನ್ನೂರು ಪೆಸೊ’ ಎಂಬ ಬೋರ್ಡು, ಸೊಂಟದ ಬೆಲ್ಟಿಗೆ ಸರಪಳಿ ಹಾಕಿ ಕಟ್ಟಿದ ಆರು ಮೊಬೈಲು. ಫೋನಿಲ್ಲದವರು, ಫೋನಿದ್ದೂ ಅದಕ್ಕೆ ದುಡ್ಡು ಹಾಕಿಸದವರು, ಎಲ್ಲರೂ ಬಂದು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಆ ಸರಪಳಿಯ ಅಳತೆಯಲ್ಲೇ ಓಡಾಡುತ್ತ ಮಾತಾಡುತ್ತಿದ್ದರು. ಯಾರ ಮದುವೆ ಮುರಿಯಿತು, ಯಾರ ಗಂಡನಿಗೆ ಬೊಗೊಟಾದಲ್ಲಿ ಇನ್ನೊಂದು ಮನೆಯಿದೆ, ಯಾವುದನ್ನೂ ನಾನು ಕೇಳಬೇಕೆಂದು ಕೇಳಿದ್ದಲ್ಲ, ಸರಪಳಿ ಇದ್ದದ್ದೇ ಒಂದು ಮೀಟರು. ನಮ್ಮ ಪಾದ್ರಿಗಿಂತ ಹೆಚ್ಚು ಪಾಪಗಳು ನನಗೆ ಗೊತ್ತು, ಆದರೆ ಅವರ ಹಾಗೆ ಕ್ಷಮಿಸುವ ಅಧಿಕಾರ ಮಾತ್ರ ಇಲ್ಲ.

ಈಗ ಸರಪಳಿಯಲ್ಲಿ ಎರಡೇ ಫೋನು ಉಳಿದಿವೆ. ತಿಂಗಳಿಗೆ ಇಷ್ಟು ಕಟ್ಟಿದರೆ ಎಷ್ಟು ಬೇಕಾದರೂ ಮಾತಾಡಿ ಎನ್ನುವ ಪ್ಲಾನುಗಳು ಬಂದಮೇಲೆ ಸಂತೆಗೆ ಆಲೂಗಡ್ಡೆ ತರುವವರೂ ಕಿವಿಗೆ ತಮ್ಮದೇ ಫೋನು ಒತ್ತಿಕೊಂಡು ನನ್ನ ಮುಂದೆಯೇ ಹಾದುಹೋಗುತ್ತಾರೆ. ಪಕ್ಕದಲ್ಲಿ ಬೂಟು ಪಾಲಿಶ್ ಮಾಡುವ ಡಾನ್ ಪ್ಲೀನಿಯೊ ಗೊತ್ತಲ್ಲ, ಮೊದಲು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಾವಲಿಗಿದ್ದವರು. ಈ ಪ್ಲಾನುಗಳು ಕೊಟ್ಟ ದುಡ್ಡಿಗೆ ತಕ್ಕವೋ ಅಲ್ಲವೋ ಎಂದು ನಮ್ಮಿಬ್ಬರ ನಡುವೆ ದಿನಾ ಜಗಳ. “ತಿಂಗಳಿಗೆ ನಲವತ್ತು ಸಾವಿರ ಕೊಟ್ಟು ನಾನ್ಯಾರ ಹತ್ರ ಮಾತಾಡ್ಲಿ ಎಡಿಲ್ಮಮ್ಮಾ? ಮಾತಿಗೆ ಮನೇಲಿ ಹೆಂಡ್ತಿ ಇದ್ದಾಳೆ. ಅವಳದ್ದು ಮೊದಲಿಂದಲೂ ಅನ್‌ಲಿಮಿಟೆಡ್ಡೇ” ಎನ್ನುತ್ತಾರೆ. ನಾನು ಅವರ ಪಕ್ಷವನ್ನೇ ವಹಿಸಬೇಕಾದವಳು, ನನ್ನ ಅನ್ನಕ್ಕೆ ಕಲ್ಲು ಹಾಕಿದ್ದೇ ಆ ಪ್ಲಾನು. ಆದರೂ ಪ್ಲಾನಿನ ಪರವಾಗಿಯೇ ವಾದಿಸುತ್ತೇನೆ, ಯಾಕೆಂದರೆ ಫೆಬ್ರವರಿಯಲ್ಲಿ ನಾನೇ ಹೋಗಿ ಅಮ್ಮನ ಫೋನಿಗೆ ಅಂಥದ್ದೇ ಒಂದು ಪ್ಲಾನು ಹಾಕಿಸಿದೆ. ಬೆಟ್ಟದ ಮೇಲೆ ಒಬ್ಬಳೇ ಹಸು ನೋಡಿಕೊಂಡಿರುತ್ತಾಳೆ, ಏನಾದರೂ ಆದರೆ ದುಡ್ಡಿಗೆ ಹೆದರದೆ ಫೋನ್ ಮಾಡಲಿ ಎಂದು. ಅಂಗಡಿಯ ಹುಡುಗಿ ಅಷ್ಟು ಸಿಹಿಯಾಗಿ ಮಾತಾಡಿದಳು, ಇಲ್ಲ ಎನ್ನಲು ನಾಲಿಗೆ ಬರಲಿಲ್ಲ.

ಇನ್ನು ನಿನ್ನ ಕಾಗದಕ್ಕೆ ಬರುತ್ತೇನೆ. ಅಕ್ಕಾ, ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಈಸ್ಟರ್ ದಿನ ಹೊಸ ಮದರ್ ನಿಮಗೆಲ್ಲ ಮನೆಗೆ ಫೋನ್ ಮಾಡಲು ಹದಿನೈದು ಹದಿನೈದು ನಿಮಿಷ ಕೊಟ್ಟರು. ಹನ್ನೊಂದು ವರ್ಷದ ಮೇಲೆ ನೀನು ಅಮ್ಮನ ದನಿ ಕೇಳಿದೆ. ಅಮ್ಮ ಏನೆಂದಳು ಎಂದು ನೀನು ಒಂದು ಅಕ್ಷರ ಬಿಡದೆ ಬರೆದಿದ್ದೀಯ: “ಹುಷಾರಾಗಿದ್ದೀಯಾ? ಅಲ್ಲಿ ಚಳಿ ಇದ್ಯಾ? ನಾವೆಲ್ಲಾ ಚೆನ್ನಾಗಿದ್ದೀವಿ. ಕಪ್ಪು ಹಸು ಕರು ಹಾಕಿದೆ, ಹೆಣ್ಣು. ಸರಿ ಮಗಾ, ಇಡ್ತೀನಿ.” ನೀನು “ಅಮ್ಮಾ, ನಿನಗೆ ನನ್ನ ಮೇಲೆ ಇನ್ನೂ” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಉಳಿದ ಹದಿನಾಲ್ಕು ನಿಮಿಷವೂ ಸುಮ್ಮನೆ ಫೋನು ಕಿವಿಗಿಟ್ಟುಕೊಂಡು ನಿಂತಿದ್ದೆ, ಬೇರೆ ಸಿಸ್ಟರುಗಳಿಗೆ ಗೊತ್ತಾಗಬಾರದು ಎಂದು.  ನೀನು ಮಠ ಸೇರಿದ್ದಕ್ಕೆ ಅಮ್ಮನಿಗೆ ಬಂದ ಸಿಟ್ಟು ಇಳಿದಿಲ್ಲ, ನೀನು ಸನ್ಯಾಸಿನಿಯ ವ್ರತ ತೊಟ್ಟ ದಿನ ಬರದಿದ್ದವಳು ಈಗಲೂ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಜುಲೈ ಹದಿನಾರರ ಕಾರ್ಮೆನ್ ಮಾತೆಯ ಹಬ್ಬಕ್ಕೆ ಸಿಗುವ ಸರದಿಯನ್ನು ಯಾರೋ ಸಣ್ಣ ವಯಸ್ಸಿನ ಸಿಸ್ಟರಿಗೆ ಬಿಟ್ಟುಕೊಡುತ್ತೇನೆ, ಮುಂದೆಂದೂ ಫೋನ್ ಮಾಡುವುದಿಲ್ಲ ಎಂದು ಬರೆದಿದ್ದೀಯ. ದಯವಿಟ್ಟು ಬಿಟ್ಟುಕೊಡಬೇಡ. ಕಾರಣ ಹೇಳುತ್ತೇನೆ.

ನಿನ್ನ ಕಾಗದ ಬಂದ ವಾರದ ಭಾನುವಾರವೇ ಅಮ್ಮನ ಹತ್ತಿರ ಜಗಳವಾಡಬೇಕೆಂದು ಬೆಟ್ಟ ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ಅಮ್ಮನ ಮುಖ ಹಬ್ಬದ ಮನೆಯ ಹಾಗಿದೆ. ನೀನು ಫೋನ್ ಮಾಡಿದ ವಿಷಯವನ್ನು ಹಾಲು ಹಾಕಿಸಿಕೊಳ್ಳುವವನಿಂದ ಹಿಡಿದು ಮೇಲಿನ ಮನೆಯ ಕಿವುಡಜ್ಜಿಯವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದಾಳೆ. ನನಗೂ ಬೆಲ್ಲದ ನೀರು ಕಾಯಿಸಿ ಕೊಟ್ಟು ಮೊದಲಿಂದ ಹೇಳಿದಳು. “ಸಿಗ್ನಲ್ ಸಿಗ್ಲಿ ಅಂತ ಹಸು ನೀರ್ ಕುಡಿಯೋ ತೊಟ್ಟಿ ಹತ್ರಕ್ಕೆ ಓಡಿದೆ. ಎಲ್ಲಾ ಕೇಳ್ದೆ, ಎಲ್ಲಾ ಹೇಳ್ದೆ. ಐವತ್ತೆಂಟಕ್ಕೆ ಸರಿಯಾಗಿ ಇಟ್ಟೆ ನೋಡು” ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ಫೋನು ಕಿತ್ತುಕೊಂಡು ನೋಡಿದೆ. ಫೆಬ್ರವರಿಯಿಂದ ಅವಳು ಮಾಡಿದ, ಅವಳಿಗೆ ಬಂದ ಕರೆಗಳೆಲ್ಲ ಅದರಲ್ಲಿವೆ. ಐವತ್ತೇಳು ಸೆಕೆಂಡು, ಐವತ್ತೆಂಟು, ಐವತ್ತೆಂಟು, ಐವತ್ತಾರು. ಒಂದಾದರೂ ನಿಮಿಷ ದಾಟಿಲ್ಲ.

ತಪ್ಪು ನನ್ನದು ಅಕ್ಕಾ. ನೀನು ಹೋದಮೇಲೆ ಅಮ್ಮ ಪ್ರತಿ ಮಂಗಳವಾರ ಇಲ್ಲಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಆಗ ನಾವು ಫೋನಿನ ಕಂಪನಿಗೆ ಕಟ್ಟುವ ಲೆಕ್ಕ ಹೇಗಿತ್ತೆಂದರೆ, ಅರವತ್ತರ ಮೇಲೆ ಒಂದು ಸೆಕೆಂಡಾದರೂ ಎರಡು ನಿಮಿಷದ ದುಡ್ಡು. ಗಿರಾಕಿಗಳು ಕೊಡುವಾಗ ತಕರಾರು ಮಾಡುತ್ತಿದ್ದರು. ಅದಕ್ಕೇ ಗಡಿಯಾರ ನೋಡುವ ಕೆಲಸ ಅಮ್ಮನಿಗೆ ಕೊಟ್ಟೆ. ಐವತ್ತಾದಾಗ ಹೆಣಿಗೆ ಕಡ್ಡಿಯಿಂದ ಭುಜ ಮುಟ್ಟಬೇಕು, ಐವತ್ತೆಂಟಕ್ಕೆ ಇಡಿಸಬೇಕು. ಓದುಬರಹ ಬಾರದ ಅಮ್ಮ ಅಂಕಿಗಳನ್ನು ಕಲಿತದ್ದೇ ಆಗ. ಎಂಥ ಗಟ್ಟಿ ಹೆಂಗಸು ಅಂತೀಯ, ಮೇಯರನ್ನೂ ಬಿಡಲಿಲ್ಲ. “ಇನ್ನೆಂಟು ಸೆಕೆಂಡ್ ಇದೆ ಸ್ವಾಮಿ, ಮುಖ್ಯವಾದ್ದು ಹೇಳ್ಬಿಡಿ” ಎನ್ನುತ್ತಿದ್ದಳು. ಅಳುತ್ತಿದ್ದವರಿಗೂ ಅದೇ ಮಾತು. ಜನ ಅವಳನ್ನು ಐವತ್ತೆಂಟರ ಅಜ್ಜಿ ಎಂದೇ ಕರೆಯುತ್ತಿದ್ದರು. ಏಳು ವರ್ಷ ಹಾಗೆ ಕೂತವಳ ಮೈಗೆ ಅದು ಹತ್ತಿಬಿಟ್ಟಿದೆ.

“ಅಮ್ಮಾ, ಅವಳಿಗೆ ಹದಿನೈದು ನಿಮಿಷ ಕೊಟ್ಟಿದ್ರು” ಎಂದೆ. ಅವಳು ಬೆಲ್ಲದ ನೀರಿನ ಲೋಟ ಕೆಳಗಿಟ್ಟಳು. “ಯಾರ ದುಡ್ಡಲ್ಲಿ?” ಎಂದು ಕೇಳಿದಳು. “ಪೂಜೆ ರೊಟ್ಟಿ ಸುಟ್ಟು ಮಾರ್ಕೊಂಡು ಬದುಕೋರು ಅವ್ರು. ನನ್ನ ಮಗಳು ಅಲ್ಲಿ ಹನ್ನೊಂದು ವರ್ಷದಿಂದ ಉಣ್ತಿದ್ದಾಳೆ. ಅದ್ರ ಮೇಲೆ ನಾನು ಬೇರೆ ಅವರ ಎರಡನೇ ನಿಮಿಷ ತಿನ್ಲಾ? ನಾಳೆ ಯಾರಾದ್ರೂ ಅವಳಿಗೆ, ನಿಮ್ಮಮ್ಮ ಬಿಲ್ ಏರಿಸ್ಬಿಟ್ಳು ಅಂದ್ರೆ?” ನಿನಗೆ ಯಾರೂ ಒಂದು ಮಾತೂ ಅನ್ನಬಾರದು ಎಂದು ಅವಳು ಫೋನಿಟ್ಟಿದ್ದು. ಅದನ್ನು ನೀನು ಸಿಟ್ಟು ಎಂದುಕೊಂಡೆ. ನಾನಿದ್ದಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ನಿಮ್ಮ ಮಠದ ಫೋನೂ ಪ್ಲಾನಿನದ್ದೇ, ಹದಿನೈದು ನಿಮಿಷ ಎನ್ನುವುದು ದುಡ್ಡಿಗಲ್ಲ, ಸರದಿ ಎಲ್ಲರಿಗೂ ಸಿಗುವುದಕ್ಕಾಗಿ ಎಂದು ನೀನೇ ಬರೆದಿದ್ದೆಯಲ್ಲ, ಅದನ್ನೂ ಹೇಳಿದೆ. ಅವಳು ನಂಬಬೇಕಲ್ಲ. “ಮುಗಿಯೋದೇ ಇಲ್ಲ ಅಂತ ಯಾವನಾದ್ರೂ ಏನಾದ್ರೂ ಕೊಡ್ತಾನೇನೇ? ಎಲ್ಲೋ ಬರ್ಕೊಂಡಿರ್ತಾರೆ. ಕೊನೇಗೆ ಬಂದು ಹಸು ಹೊಡ್ಕೊಂಡ್ ಹೋಗ್ತಾರೆ” ಎನ್ನುತ್ತಾಳೆ. ನಿನ್ನ ಕಾಗದದಲ್ಲಿದ್ದ ಆ ಹದಿನಾಲ್ಕು ನಿಮಿಷದ ವಿಷಯ ಓದಿ ಹೇಳಿದೆ. ಎದ್ದು ಹಿತ್ತಿಲಿಗೆ ಹೋದವಳು ಹಾಲು ಕರೆಯುವ ಹೊತ್ತಿನವರೆಗೂ ಒಳಗೆ ಬರಲಿಲ್ಲ. ಬಂದು, “ನಂಗೆ ಜಾಸ್ತಿ ಮಾತಾಡೋಕೆ ಬರಲ್ಲ, ಮರ್ತೋಗಿದೆ. ನೀನೇ ಕಲಿಸಿದ್ದು, ನೀನೇ ಬಿಡಿಸು” ಎಂದಳು.

ಹಾಗಾಗಿ ಎರಡು ವಾರದಿಂದ ನಾನು ದಿನಾ ಸಂಜೆ ಅಂಗಡಿ ಎತ್ತುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ಪಾಠ ಹೇಳುತ್ತಿದ್ದೇನೆ. ಫೋನಿನಲ್ಲಿ ಅಂಕಿ ಕಾಣದ ಹಾಗೆ ಅಂಟುಪಟ್ಟಿ ಹಚ್ಚಿ ಬಂದಿದ್ದೆ, ಏನೂ ಪ್ರಯೋಜನವಾಗಲಿಲ್ಲ. ನಾಲ್ಕು ಮರಿಯಾ ಜಪಕ್ಕೆ ಒಂದು ನಿಮಿಷ ಎಂದು ಅವಳಿಗೆ ಗೊತ್ತು, ನಾನು ಮಾತಾಡುತ್ತಿದ್ದರೆ ಆ ಕಡೆ ಜಪಮಣಿ ಎಣಿಸುತ್ತಿರುತ್ತಾಳೆ. ಮೊದಲ ಮೂರು ದಿನ ಮತ್ತೆ ಐವತ್ತೆಂಟೇ. ನಾಲ್ಕನೇ ದಿನ ಒಂದು ನಿಮಿಷ ಹತ್ತು ಸೆಕೆಂಡು ಹೋಯಿತು, ಆಮೇಲೆ ಹೆದರಿ ಫೋನು ಇಟ್ಟು ಎರಡು ದಿನ ಎತ್ತಲೇ ಇಲ್ಲ. ಮೊನ್ನೆ ಭಾನುವಾರ ಒಂದು ಕೋಳಿಯ ವಿಷಯವಾಗಿ ನಾಲ್ಕು ನಿಮಿಷ ಮಾತಾಡಿದಳು. ಆ ಕೋಳಿಗೆ ಏನೂ ಆಗಿಲ್ಲ, ಮೊಟ್ಟೆ ಇಡುತ್ತದೆ, ಬೇರೆ ಕೋಳಿಗಳ ಹಾಗೇ ಇದೆ. ನಾನು ಅಷ್ಟನ್ನೂ ಉಸಿರು ಬಿಗಿಹಿಡಿದು ಕೇಳಿದೆ. ಡಾನ್ ಪ್ಲೀನಿಯೊ ಬ್ರಶ್ಶು ಕೆಳಗಿಟ್ಟು, “ಯಾರಿಗೇನಾಯ್ತಮ್ಮ, ಕಣ್ಣಲ್ಲಿ ನೀರು?” ಎಂದು ಕೇಳಿದರು. ಕೋಳಿ ಚೆನ್ನಾಗಿದೆಯಂತೆ ಎಂದೆ.

ಆ ಪ್ಲಾನು ದುಡ್ಡಿಗೆ ತಕ್ಕದ್ದೋ ಅಲ್ಲವೋ ಎಂದು ಈಗ ನೀನೂ ಕೇಳಬಹುದು. ಬರುವ ಕರೆಗೆ ಪ್ಲಾನೇ ಬೇಕಿಲ್ಲ, ನೀನು ಫೋನ್ ಮಾಡಿದರೆ ಅಮ್ಮನಿಗೆ ಒಂದು ಪೆಸೊ ಖರ್ಚಿಲ್ಲ, ಅದು ನನಗೂ ಗೊತ್ತು. ತಿಂಗಳಿಗೆ ಮೂವತ್ತೊಂಬತ್ತು ಸಾವಿರ ಈಗಿನ ನನ್ನ ಗಳಿಕೆಯಲ್ಲಿ ಸಣ್ಣದಲ್ಲ. ಆದರೂ ಜುಲೈ ಹದಿನಾರರವರೆಗೆ ತೆಗೆಸುವುದಿಲ್ಲ. ಅಷ್ಟು ವರ್ಷ ನಿಮಿಷಗಳನ್ನು ಕತ್ತರಿಸಿ ಮಾರಿದೆ, ಈಗ ಒಂದಷ್ಟನ್ನು ಅಮ್ಮ ಪುಕ್ಕಟೆ ಹಾಳು ಮಾಡಲಿ. ಹಬ್ಬದ ದಿನ ನಾನೂ ಅಲ್ಲೇ ತೊಟ್ಟಿಯ ಪಕ್ಕದಲ್ಲಿರುತ್ತೇನೆ, ಜಪಮಣಿ ನನ್ನ ಜೇಬಿನಲ್ಲಿರುತ್ತದೆ. ಅವಳು ಮತ್ತೆ ಐವತ್ತೆಂಟಕ್ಕೆ ಇಟ್ಟರೆ ನೀನು ಇನ್ನೊಂದು ಸಲ ಮಾಡು, ಹದಿನೈದು ಸಲ ಇಟ್ಟರೂ ಹದಿನೈದು ಸಲ ಮಾಡು. ನನಗೆ ನಿನ್ನ ಮೇಲೆ ಸಿಟ್ಟಿತ್ತು ಅಕ್ಕಾ, ಅದನ್ನೂ ಹೇಳಿಬಿಡುತ್ತೇನೆ. ವ್ರತದ ದಿನ ನಿಮ್ಮ ಮಠವಿರುವ ಪಾಸ್ತೊವರೆಗೆ ಬರಲು ನನ್ನ ಹತ್ತಿರ ದುಡ್ಡಿರಲಿಲ್ಲ. ಅಮ್ಮನೋ ಆ ವಾರವೇ ಬೇಕೆಂದು ಚಿಕಿನ್‌ಕಿರಾದ ಮಾತೆಗೆ ಹರಕೆ ಎಂದು ಹೊರಟುಬಿಟ್ಟಳು, ನಾನೊಬ್ಬಳೇ ಇಲ್ಲಿ ಕೂತು ಅತ್ತೆ. ಈಗ ಸಿಟ್ಟಿಲ್ಲ.

ಮದರ್‌ಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಸರದಿ ಸಿಗಬೇಕಿದ್ದ ಆ ಸಣ್ಣ ಸಿಸ್ಟರಿಗೆ ನನ್ನ ಪರವಾಗಿ ಕ್ಷಮೆ ಕೇಳು, ಅವಳ ಮನೆಯವರಿಗೆ ನಾನೇ ಬೇಕಾದರೆ ಇಲ್ಲಿಂದ ಫೋನ್ ಮಾಡಿ ಅವಳ ಸುದ್ದಿ ಹೇಳುತ್ತೇನೆ, ನಿಮಿಷ ನನ್ನ ಕಡೆಯಿಂದ. ಮುಲಾಮು ನೀನೇ ಹಚ್ಚಿಕೋ. ದೇವರು ನಿನ್ನನ್ನೂ ನಿನ್ನ ಮೊಣಕಾಲನ್ನೂ ಕಾಯಲಿ.

ನಿನ್ನ ತಂಗಿ,
ಎಡಿಲ್ಮಾ

ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಸಂತೆ ಮುಗಿಸಿಕೊಂಡು ಬಂದಳು. ಬಸ್ಸಿಗೆ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಯಾರಿಗೆ ಎಂದು ಕೇಳಿದಳು, ನಿನಗೆ ಎಂದೆ. “ನಂದೂ ಒಂದು ಬರ್ಕೋ, ಒಂದು ನಿಮಿಷದಲ್ಲಿ ಹೇಳ್ತೀನಿ” ಎಂದು ಚೀಲ ಕೆಳಗಿಡದೆ ನಿಂತುಕೊಂಡೇ ಹೇಳಿದಳು, ಹಾಗೇ ಬರೆಯುತ್ತೇನೆ. “ನಾನು ಚಿಕಿನ್‌ಕಿರಾಗೆ ಹೋಗ್ಲಿಲ್ಲ. ಎರಡು ದಿನ ಬಸ್ಸಲ್ಲಿ ಕೂತು ಪಾಸ್ತೊಗೇ ಬಂದಿದ್ದೆ. ಒಳಗೆ ಬರೋಕೆ ಮನಸ್ಸಾಗ್ಲಿಲ್ಲ, ಬಾಗಿಲ ಹತ್ರ ಮೇಣದಬತ್ತಿ ಮಾರೋಳ ಪಕ್ಕ ನಿಂತು ನೋಡ್ದೆ. ಎರಡನೇ ಮೆಟ್ಲಲ್ಲಿ ನೀನು ಎಡವಿದೆ, ಬಿಷಪ್ ಸ್ವಾಮಿಗಳು ಮೊಣಕೈ ಹಿಡ್ಕೊಂಡ್ರು.” ಅಕ್ಕಾ, ನೀನು ಎಡವಿದ್ದೆಯಾ? ನನಗೆ ಯಾವತ್ತೂ ಬರೆದಿರಲಿಲ್ಲ. ಆಮೇಲೆ ಏನಾಯಿತು ಹೇಳಮ್ಮಾ, ಕಾಗದಕ್ಕೆ ನಿಮಿಷದ ಲೆಕ್ಕವಿಲ್ಲ ಎಂದೆ. ಬಸ್ಸಿನ ಕಡೆ ನಡೆಯುತ್ತಲೇ ಹೇಳಿದಳು: “ಉಳಿದದ್ದು ನಿಂಗಲ್ಲ. ಅವಳು ಫೋನ್ ಮಾಡ್ದಾಗ ಅವಳಿಗೇ ಹೇಳ್ತೀನಿ.”