ಹರಕೆಯ ಒನಕೆ

ಯಲಿಯೂರು, ಮಂಡ್ಯ ತಾಲ್ಲೂಕು
14-3-1945, ಬುಧವಾರ

ನಮ್ಮ ಮನೆಯವರಿಗೆ ನಿಮ್ಮ ಹೊಂಬಾಳೆಯ ನಮಸ್ಕಾರ.

ಹೆಸರು ಬರೆಯಲಿಲ್ಲವೆಂದು ನಗಬೇಡಿ, ಲಕೋಟೆಯ ಮೇಲೆ ಅದನ್ನು ಪೋಸ್ಟ್ ಮೇಷ್ಟರ ಕೈಲಿ ಬರೆಸುತ್ತೇನೆ. ನಿಮ್ಮ ಮೈ ಹೇಗಿದೆ? ಚಳಿಜ್ವರ ಬಿಟ್ಟಿತೇ? ಬರ್ಮಾದ ಕಾಡಿನಲ್ಲಿ ಮುದ್ದೆ ಎಲ್ಲಿಂದ ಬರಬೇಕು, ಕೊಟ್ಟದ್ದನ್ನೇ ಹೊಟ್ಟೆ ತುಂಬ ತಿನ್ನಿ. ಅತ್ತೆ ಚೆನ್ನಾಗಿದ್ದಾರೆ. ಕೆಂದ ಹಸು ಹೆಣ್ಣು ಕರು ಹಾಕಿದೆ. ಸಂಕ್ರಾಂತಿಗೆ ಬಂದ ಕಾಗದ ಬಿಟ್ಟರೆ ನಿಮ್ಮ ಇನ್ನೊಂದು ಕಾಗದ ಬಂದಿಲ್ಲ, ದಾರಿಯಲ್ಲಿರಬೇಕು ಎಂದುಕೊಂಡಿದ್ದೇವೆ. ನಡುವೆ ಇದನ್ನು ಒಡೆದು ಓದುವ ಮಿಲಿಟರಿ ಸಾಹೇಬರು ಯಾರೋ, ಅವರೂ ಚೆನ್ನಾಗಿರಲಿ.

ಈಗ ನಿಮ್ಮ ತಮ್ಮ ಪುಟ್ಟಸ್ವಾಮಿಯ ಸುದ್ದಿ. ರೈಲು ದಾರಿಯ ಪಕ್ಕ ಅಮೆರಿಕದ ಸೋಲ್ಜರುಗಳು ಡೇರೆ ಹಾಕಿ, ಬೇಸ್‌ಬಾಲ್ ಎನ್ನುವ ಆಟ ತಂದಿದ್ದಾರೆ. ನಮ್ಮ ಚಿನ್ನಿದಾಂಡಿಗೆ ದೊಡ್ಡಣ್ಣನ ಹಾಗಿದೆ. ಒಬ್ಬ ಎಸೆಯುತ್ತಾನೆ, ಒಬ್ಬ ದೊಣ್ಣೆಯಲ್ಲಿ ಬೀಸುತ್ತಾನೆ, ಆಮೇಲೆ ನಾಲ್ಕು ಮೂಲೆಯ ಗೋಣಿತಟ್ಟು ಮುಟ್ಟಿಕೊಂಡು ಓಡಿ ಬರಬೇಕು. ಕಬ್ಬು ಕಡಿದ ಗದ್ದೆಯಲ್ಲಿ ಅವರಿಗೂ ನಮ್ಮ ಹುಡುಗರಿಗೂ ಮೂರು ಆಟದ ಪಂದ್ಯ, ಗೆದ್ದವರಿಗೆ ಬಹುಮಾನವಾಗಿ ಬೆಳ್ಳಿ ಬಣ್ಣದ ಕಪ್. ಒಂದು ಅವರು ಗೆದ್ದರು, ಒಂದು ನಾವು. ಎರಡನೆಯದರಲ್ಲಿ ಪುಟ್ಟಸ್ವಾಮಿ ಅವರ ದೊಣ್ಣೆಯನ್ನೇ ಮುರಿದು ಹಾಕಿದ. ಇನ್ನು ನಿಮ್ಮ ದೊಣ್ಣೆ ನೀವೇ ತನ್ನಿ ಎಂದುಬಿಟ್ಟರಂತೆ.

ಶನಿವಾರ ಅತ್ತೆ ಮದ್ದೂರಿಗೆ, ಅವರ ತಂಗಿಯ ಮನೆಗೆ ಹೋಗಿದ್ದರು. ಇವನು ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂತ. "ಬ್ಯಾರೆ ಮರವೆಲ್ಲ ಬರೀ ಪುಳ್ಳೆ ಕಣತ್ಗೆ, ಒಂದೇಟಿಗೆ ಸೀಳ್ಕತದೆ. ಆ ಕಗ್ಗಲಿ ಮರದ್ ಒನ್ಕೆ ಕೊಡು, ಗೆದ್ದು ಬತ್ತೀನಿ" ಅಂದ. ಯಾವ ಒನಕೆ ಎಂದು ನಿಮಗೆ ಗೊತ್ತು. ನೀವು ರೈಲು ಹತ್ತಿದ ದಿನ ಅತ್ತೆ ಅದಕ್ಕೆ ಅರಿಶಿನದ ಕೊಂಬು ಕಟ್ಟಿ, "ಇದ್ನ ಯಾರೂ ಮುಟ್ಕೂಡ್ದು. ನನ್ ಮಗ ಬಂದ್ಮೇಲೆ ಇದ್ರಲ್ಲೇ ಅಕ್ಕಿ ಕುಟ್ಟಿ ಮಾರಮ್ಮಂಗೆ ತಂಬಿಟ್ಟಿನಾರತಿ ಎತ್ತದು" ಎಂದು ಮೂಲೆಗೆ ನಿಲ್ಲಿಸಿದ್ದರು. ನೀವು ನಕ್ಕಿರಿ, ನಾನೂ ನಕ್ಕೆ. ಆದರೆ ಅಂದಿನಿಂದ ದಿನಾ ಅದರ ಮುಂದೆ ದೀಪ ಇಡುತ್ತಿದ್ದವಳು ನಾನೇ.

ಆ ಕೊಂಬನ್ನು ಬಿಚ್ಚಿದವಳೂ ನಾನೇ. ಅವನು ಕಿತ್ತುಕೊಂಡು ಹೋಗಲಿಲ್ಲ. ನಿಮ್ಮ ತಮ್ಮನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಕಾಗದ ನಿಂತಾಗಿನಿಂದ ಊರಿನ ಹೆಂಗಸರು ನನ್ನನ್ನು ಕಂಡರೆ ದನಿ ತಗ್ಗಿಸಿ ಮಾತಾಡುತ್ತಾರೆ. ನನಗೆ ಅದು ಸಾಕಾಗಿತ್ತು. ಮನೆಗೆ ಒಂದು ದಿನವಾದರೂ ಗೆದ್ದ ಸುದ್ದಿ ಬರಲಿ ಅನ್ನಿಸಿತು. ಮೋಟಾರು ರಿಪೇರಿಯ ಶಫೀವುಲ್ಲಾ ಅದರ ತುದಿಯ ಕಬ್ಬಿಣದ ಬಳೆ ತೆಗೆದು, ಗರಗಸದಲ್ಲಿ ಕೊಯ್ದು, ಹಿಡಿ ಸಣ್ಣಗಾಗುವಂತೆ ಹತ್ತರಿ ಹೊಡೆದು ಕೊಟ್ಟ.

ಭಾನುವಾರದ ಮೂರನೆಯ ಆಟ ನೀವು ನೋಡಬೇಕಿತ್ತು. ನಾನು ನಾಲೆಯ ಏರಿಯ ಮೇಲೆ ಹೆಂಗಸರ ಜೊತೆ ನಿಂತಿದ್ದೆ. ಮೊದಲ ಏಟಿಗೆ ಚೆಂಡು ಡೇರೆಯ ಮೇಲೆ ಬಿತ್ತು. ಎರಡನೆಯದು ಹುಣಸೆಮರ ದಾಟಿತು. ಆದರೂ ಕೊನೆಗೆ ನಾವೇ ಹಿಂದಿದ್ದೆವು, ಎರಡು ಮೂಲೆಯಲ್ಲಿ ನಮ್ಮ ಹುಡುಗರು ಓಡಲು ಕಾದು ನಿಂತಿದ್ದರು. ಇವನು ಲುಂಗಿ ಎತ್ತಿ ಕಟ್ಟಿ, ಅಂಗೈಗೆ ಉಗುಳಿಕೊಂಡು ಬೀಸಿದ ನೋಡಿ, ಚೆಂಡು ನಾಲೆ ದಾಟಿ ಚೌಡಯ್ಯನವರ ಕಬ್ಬಿನೊಳಗೆ ಹೋಯಿತು. ಇನ್ನೂ ಸಿಕ್ಕಿಲ್ಲ. ಮೂವರೂ ಸುತ್ತಿ ಬಂದರು, ಆಟ ನಾವು ಗೆದ್ದೆವು. ಆ ಕೆಂಪು ಮೂತಿಯವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಸೆರಗು ಜಾರಿದ್ದೂ ತಿಳಿಯದೆ ಕೂಗಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ನೋಡಿದರೆ ಗದ್ದೆಯಲ್ಲಿ ಒನಕೆ ಎರಡು ತುಂಡಾಗಿ ಬಿದ್ದಿತ್ತು. ಅಂದು ಮಧ್ಯಾಹ್ನವೆಲ್ಲ ನನಗೆ ನಿಮ್ಮ ನೆನಪೇ ಬಂದಿರಲಿಲ್ಲ ಎಂದು ಆಗ ಹೊಳೆಯಿತು.

ತುಂಡುಗಳನ್ನು ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಅತ್ತೆ ಬಂದವರೇ "ಒನ್ಕೆ ಎಲ್ಲಮ್ಮಿ?" ಅಂದರು. ಬಳೆ ಸಡಿಲವಾಗಿತ್ತು, ಶಫೀವುಲ್ಲಾನಿಗೆ ಕೊಟ್ಟಿದ್ದೇನೆ ಅಂದೆ. ನಂಬಿದರು. ಸಂಜೆಯಾದರೆ ಆ ಖಾಲಿ ಮೂಲೆಗೇ ಕೈ ಮುಗಿಯುತ್ತಾರೆ.

ಅತ್ತೆಯ ಆಶೀರ್ವಾದ. ಪುಟ್ಟಸ್ವಾಮಿ ಗೆದ್ದ ಕಪ್ಪನ್ನು ನಿಮ್ಮ ಪೆಟ್ಟಿಗೆಯ ಮೇಲೆ ಇಟ್ಟಿದ್ದಾನೆ, ಅಣ್ಣ ಬಂದು ನೋಡಲಿ ಎಂದು.

ನಿಮ್ಮವಳು,
ಹೊಂಬಾಳಮ್ಮ

ಟಪಾಲಿನವನು ಹೊರಟು ನಿಂತಿದ್ದಾನೆ, ಒಂದು ಮಾತು ಮರೆತಿದ್ದೆ. ಇದು ತಲುಪಿದ ಕೂಡಲೇ ಒಂದು ಸಾಲು ಬರೆಯಿರಿ. ತಾರೀಖು ದಪ್ಪಕ್ಷರದಲ್ಲಿ ಹಾಕಿ, ಒನಕೆ ಮುರಿದ ಆ ಭಾನುವಾರದ ನಂತರದ್ದು ಎಂದು ಕಣ್ಣಿಗೆ ಕಾಣಬೇಕು. ಬೇರೆ ಏನೂ ಬರೆಯಲು ಮನಸ್ಸಾಗದಿದ್ದರೆ, ಒನಕೆ ಯಾಕೆ ಕೊಟ್ಟೆ ಎಂದು ಬೈದಾದರೂ ಬರೆಯಿರಿ.