ಎಳ್ಳಿನಷ್ಟು ಮೀನಿನ ಮಿದುಳು

ಹೈದರಾಬಾದ್, ಮಂಗಳವಾರ

ಮಗಳು ಸುಮಲತಾಗೆ,

ಅದಲ್ಲವ್ವಾ, ನಾನು ಹೇಳಾಕತ್ತಿದ್ದು ಅಂಗಿ ಮಾತು. ನಿನ್ನೆ ಫೋನಿನಾಗ ನೀ ನಕ್ಕು ಇಟ್ಟುಬಿಟ್ಟಿ. ಕಾರ್ಡಾದ್ರ ಅಳಿಯಂದ್ರೂ ಓದ್ತಾರ ಅಂತ ಬರದೀನಿ.

ಇಲ್ಲಿ ನಿಮ್ಮ ಸೋದರತ್ತಿ ಮಗಳು ಗೀತಾಂಜಲಿ ತನ್ನ ಲ್ಯಾಬಿನಾಗ ಎಳ್ಳಿನಷ್ಟು ಮೀನಿನ ಮರಿ ತೋರಿಸಿದ್ಲು. ಮೈಯೆಲ್ಲ ಗಾಜು, ಒಳಗ ಮಿದುಳು ಬೆಳೆಯೋದು ಕಣ್ಣಿಗೆ ಕಾಣ್ತೈತಿ! ಒಂದು ನರ ಇನ್ನೊಂದಕ್ಕ ಸುದ್ದಿ ಮುಟ್ಟಿಸಾಕ ಒಂದು ರಸ ಬಿಡ್ತೈತಂತ. ಸುದ್ದಿ ಮುಟ್ಟಿದ ಕೂಡ್ಲೇ ಎಂಜೈಮು ಅದನ್ನ ಒಡೆದು ಹಾಕ್ತೈತಿ, ಕಣ್ಣು ಮಿಟುಕಿಸೋದ್ರಾಗ ಸಾವಿರ ಸಲ. ವಂಡರ್‌ಫುಲ್! ನಾನು ಕೊಟ್ಟೂರು ಕಾಲೇಜಿನಾಗ ಓದಿದ್ದ 'ಲಾಕ್ ಅಂಡ್ ಕೀ' ಇದಾ ನೋಡು, ಎಂಜೈಮು ಕೀಲಿ, ರಸ ಅದಕ್ಕ ಕೂಡೋ ಕೀಲಿಕೈ. ಆದ್ರ ನಾವು ಹತ್ತಿಗೆ ಹೊಡಿಯೋ ಕೆಲವು ಔಷಧಿ, ಮುರಿದ ಕೀಲಿಕೈ ಹಂಗ ಆ ಎಂಜೈಮಿನಾಗ ಸಿಕ್ಕೊಂತಾವಂತ. ಬೆಳಿಯೋ ಮಿದುಳಿಗೆ ಅದು ಕೇಡು.

ನಿನಗ ಐದು ತಿಂಗಳು. ಅಳಿಯಂದ್ರು ಔಷಧಿ ಹೊಡೆದು ಬಂದ ಅಂಗಿ ನೀ ಮುಟ್ಟಬ್ಯಾಡ, ಅವ್ರೇ ತೊಳಕೊಳ್ಳಲಿ. "ಗಂಡಸ್ರು ತೊಳೀತಾರೇನಪ್ಪಾ?" ಅಂದಿ ನಿನ್ನೆ. ನಿಮ್ಮವ್ವ ಹೋದಮ್ಯಾಲೆ ನನ್ನ ಅಂಗಿ ನಾನ ತೊಳಕೊಳ್ಳಾಕತ್ತೀನಿ. ನೀನು ಆಕಿ ಹೊಟ್ಟ್ಯಾಗಿದ್ದಾಗ್ಲೇ ತೊಳಕೋಬೇಕಿತ್ತು.

ನನ್ನ ಬಿ.ಪಿ. ಸುಮಾರಾಗೈತಿ. ಹೊತ್ತು ಮುಳುಗಾಕತ್ತೈತಿ, ಅಕ್ಷರ ಕಾಣವಲ್ವು.

ನಿಮ್ಮಪ್ಪ,
ಪಂಚಾಕ್ಷರಪ್ಪ